ಸೇವಂತಿ ಗಿಡಾ, ಆಚೀ ಕೆಂಪು, ಅತ್ತಿಯವರ ಕಂಬಳಿ

ಹೋದ ವರ್ಷ ಶ್ರಾವಣದಾಗ ಕೆಳಗಿನ ಮನಿ ವೈನಿಯವರು ನನ್ನ ಮೆಟ್ಟಲದಾಗ ನಿಲ್ಲಿಸಿ ಮೆಲ್ಲಕ ಕೇಳಿದ್ರು. "ಏನ್ರೀ, ನಿಮ್ಮ ಗ್ಯಾಲರ್ಯಾಗ ರಾತ್ರಿ ಕೆಂಪಗ ಏನೋ ಉರಿತಿರತೈತಿ, ದೇವರನ್ನ ಅಲ್ಲಿಗೆ ಒಯ್ದೀರೇನು?" ಇಲ್ರೀ ವೈನಿ, ಸೇವಂತಿ ಗಿಡಕ್ಕ ದೀಪಾ ಹಚ್ಚೀವಿ ಅಂದೆ. ಅವರು ನನ್ನ ಮಾರಿ ನೋಡಿದ್ದು ಇನ್ನೂ ಕಣ್ಣಾಗೈತಿ. ಆವತ್ತು ಪೂರಾ ಹೇಳಾಕ ಆಗಲಿಲ್ಲ, ಒಲಿ ಮ್ಯಾಲೆ ಹಾಲಿತ್ತು. ಅದಕ್ಕ ಈಗ ಬರದೇನಿ. ಬರಕೋತ ಹೋದಂಗ ನಮ್ಮ ದೀಪದ ಕತಿಗಿಂತ ಅದರ ಹಿಂದಿನ ನೂರು ವರ್ಷದ ಕತೀನ ದೊಡ್ಡದಾಗೇತಿ. ಬ್ಯಾಸರಾದ್ರ ಚಹಾ ಕುಡದು ಬಂದು ಓದ್ರಿ.

ಮೊದಲ ಗಿಡದ ಸುದ್ದಿ. ನಮ್ಮತ್ತಿಯವರು ಊರ ಮನಿ ಬಿಟ್ಟು ನಮ್ಮ ಹತ್ರ ಬಂದಾಗ ಒಂದು ಟ್ರಂಕು, ಒಂದು ಕರೀ ಕಂಬಳಿ, ಹಸೀ ಅರಿವ್ಯಾಗ ಸುತ್ತಿದ ನಾಕು ಸೇವಂತಿ ಸಸಿ ತಂದಿದ್ರು. ಊರ ಮನಿ ಹಿತ್ತಲದಾಗ ಅವರು ಮದುವ್ಯಾಗಿ ಬಂದಾಗಿಂದ ಇದ್ದ ಗಿಡದ ಪಿಳ್ಳಿ ಅವು. ಹಳದಿ ಹೂ, ಸಣ್ಣವು, ಆದ್ರ ವಾಸನಿ ಅಂದ್ರ ಹೇಳಬಾರದು. ಅಲ್ಲಿ ದೀಪಾವಳಿ ಹೊತ್ತಿಗೆ ಬುಟ್ಟಿ ತುಂಬ ಬಿಡತಿದ್ವು. ಇಲ್ಲಿ ಎರಡನೇ ಮಜಲಿನ ಗ್ಯಾಲರ್ಯಾಗ ಕುಂಡಿಗೆ ಹಚ್ಚಿದ್ವಿ. ಗೊಬ್ಬರ ಹಾಕಿದ್ವಿ, ತುದಿ ಚೂಟಿದ್ವಿ. ಎಲಿ ಹಸರ ಚೊಲೋ ಬಂತು, ಗಿಡ ಎತ್ತರಾತು, ಹೂ ಮಾತ್ರ ಒಂದೂ ಇಲ್ಲ. ಎರಡು ವರ್ಷ ಹಿಂಗ ಹೋತು. ಬಂದವರೆಲ್ಲಾ "ಬಂಜಿ ಗಿಡಾ ಕಿತ್ತ ಒಗೀರಿ" ಅನ್ನಾಕ ಹತ್ತಿದ್ರು. ಆ ಮಾತು ನನಗ ಗಿಡಕ್ಕಂದ್ರೂ ಸೇರೂದಿಲ್ಲ, ಮನಶ್ಯಾರಿಗಂದ್ರೂ ಸೇರೂದಿಲ್ಲ. ಆದ್ರ ಅತ್ತಿಯವರು ಅದನ್ನ ಬ್ಯಾರೇನ ತಿಳಕೊಂಡಿದ್ರು. "ಮನಿ ಮಾರಿದ್ದಕ್ಕ ಸಿಟ್ಟಾಗೇತಿ ಅದು" ಅಂದು ಒಂದಿನ ರಾತ್ರಿ ಊಟಾ ಬಿಟ್ಟು ಎದ್ರು. ಮನಿ ಮಾರೋಣ ಅಂತ ಮೊದಲ ಬಾಯಿ ಬಿಟ್ಟಾಕಿ ನಾನು. ಆಮ್ಯಾಲೆ ನನಗೂ ಅನ್ನ ಇಳೀಲಿಲ್ಲ.

ನನ್ನ ತಂಗಿ ಮಗ ಡಿಪ್ಲೊಮಾ ಓದತಾನ, ಇಲೆಕ್ಟ್ರಾನಿಕ್ಸು. ಅವನ ನೋಡಿ ಹೇಳಿದ, "ದೊಡ್ಡವ್ವ, ಗಿಡದ ತಪ್ಪಲ್ಲ ಇದು, ಆ ದೀಪದ ತಪ್ಪು." ನಮ್ಮ ಗ್ಯಾಲರಿ ಎದರಿಗೆ, ಕೈ ಚಾಚಿದ್ರ ಸಿಗೂವಷ್ಟು ದೂರದಾಗ ಬೀದಿ ಕಂಬ ಐತಿ. ಅದರ ಬೆಳಕಿನಾಗ ನಾನು ರಾತ್ರಿ ಹತ್ತಕ್ಕ ಅಕ್ಕಿ ಆರಸೇನಿ, ಅಷ್ಟು ಬೆಳ್ಳಗ. ಸೇವಂತಿಗೆ ಉದ್ದನ್ನ ಕತ್ತಲಿ ಬೇಕು, ಕತ್ತಲಿ ಸಿಗಲಿಲ್ಲಂದ್ರ ಅದು ಮೊಗ್ಗು ಕಟ್ಟೂದಿಲ್ಲ ಅಂದ. ಕತ್ತಲಿ ಬೇಕಂದ್ರ ಮತ್ತ ದೀಪಾ ಯಾಕ ಹಚ್ಚಬೇಕೋ ತಮ್ಮಾ ಅಂದ್ರ, "ಇದು ಬ್ಯಾರೆ ದೀಪಾ, ಇದನ್ನ ಹಚ್ಚಿದ್ರ ಗಿಡಕ್ಕ ಕತ್ತಲಾದಂಗ" ಅಂದ. ದೀಪಾ ಹಚ್ಚಿದ್ರ ಕತ್ತಲಾಗೂದು! ಇದನ್ನ ಕೇಳಿ ನನಗ ತಡಿಲಿಕ್ಕಾಗಲಿಲ್ಲ. ಅವ ಇಂಗ್ಲೀಷಿನ್ಯಾಗ ಓದೂದು, ನಾನು ಕೇಳಿ ನೋಟಬುಕ್ಕಿನ್ಯಾಗ ಬರಕೊಳ್ಳೂದು, ಹಿಂಗ ಒಂದು ತಿಂಗಳು ನಡೀತು.

ಕತಿ ಸುರು ಆಗೂದು ತಂಬಾಕಿನಿಂದ. ನಿಪ್ಪಾಣಿ ಕಡೆ ಹೋದಾಗ ತಂಬಾಕಿನ ಹೊಲಾ ನೋಡೀರಲ್ಲಾ, ಎದಿಮಟಾ ಇರತೈತಿ. ಅಮೆರಿಕಾದ ಮೇರಿಲ್ಯಾಂಡ್ ಅನ್ನೂ ರಾಜ್ಯದಾಗ ಒಂದು ತಳಿ ಹುಟ್ಟಿತ್ತು, ಹೆಸರು ಮೇರಿಲ್ಯಾಂಡ್ ಮ್ಯಾಮತ್. ಬ್ಯಾಸಗಿಯಾಗ ಹತ್ತು ಅಡಿ ಮೀರಿ ಬೆಳೀತಿತ್ತು, ಎಲಿ ಮ್ಯಾಲೆ ಎಲಿ. ರೈತರಿಗೆ ಖುಷಿ, ಆದ್ರ ಹೂ ಇಲ್ಲ, ಹೂ ಇಲ್ಲಂದ್ರ ಬೀಜಿಲ್ಲ. ಚಳಿ ಬಂದು ಗಿಡ ಸತ್ತು ಹೋಗತಿತ್ತು. ಅದನ್ನ ಬೇರು ಸಮೇತ ತಂದು ಚಳಿಗಾಲದಾಗ ಗಾಜಿನ ಮನ್ಯಾಗ ಇಟ್ರ ಗಿಡ್ಡಿದ್ರೂ ಹೂ ಬಿಡತಿತ್ತು. ನೋಡ್ರಿ, ಥೇಟ್ ನಮ್ಮ ಸೇವಂತಿ ಹಣೇಬಾರನ.

ಅಲ್ಲಿ ಸರ್ಕಾರದ ಕೃಷಿ ಇಲಾಖೆದಾಗ ವೈಟ್‌ಮನ್ ಗಾರ್ನರ್, ಹ್ಯಾರಿ ಅಲ್ಲಾರ್ಡ್ ಅಂತ ಇಬ್ಬರಿದ್ರು. ಅವರು ಗೊಬ್ಬರ ನೋಡಿದ್ರು, ನೀರು ನೋಡಿದ್ರು, ಸೆಕಿ ಚಳಿ ನೋಡಿದ್ರು. ಯಾವುದೂ ಅಲ್ಲ. ಮತ್ತೊಂದು ಚಮತ್ಕಾರ ಅವರ ಕಣ್ಣಿಗೆ ಬಿದ್ದಿತ್ತು. ಬಿಲೋಕ್ಸಿ ಅನ್ನೂ ಜಾತಿ ಸೋಯಾ ಅವರೀನ ಬ್ಯಾರೆ ಬ್ಯಾರೆ ದಿನಾ ಬಿತ್ತಿದ್ರ, ಮೊದಲ ಬಿತ್ತಿದ್ದೂ ಕಡೀಕ ಬಿತ್ತಿದ್ದೂ ಎಲ್ಲಾ ಹೆಚ್ಚುಕಡಿಮಿ ಒಂದ ಹೊತ್ತಿಗೆ ಹೂ ಬಿಡತಿದ್ವು. ಅಂದ್ರ ಗಿಡ ತನ್ನ ವಯಸ್ಸು ಎಣಸೂದಿಲ್ಲ, ಹೊರಗಿಂದ ಏನೋ ಎಣಸತೈತಿ. ವರ್ಷಾ ವರ್ಷಾ ತಪ್ಪದಂಗ ಬದಲಾಗೂದು ಒಂದ, ಹಗಲಿನ ಉದ್ದ.

1918ರ ಬ್ಯಾಸಗಿಯಾಗ ಅವರು ಒಂದು ಸಣ್ಣ ಕತ್ತಲ ಗುಡಿಸಲಾ ಕಟ್ಟಿಸಿದ್ರು. ಗಾಳಿ ಆಡಬೇಕು, ಬೆಳಕು ಹೋಗಬಾರದು, ಅಷ್ಟ. ತಂಬಾಕಿನ ಕುಂಡಿ, ಸೋಯಾದ ಪೆಟ್ಟಿಗಿ ಸಂಜೀ ನಾಕಕ್ಕ ಒಳಗ ಇಡೂದು, ಮರದಿನಾ ಮುಂಜಾನೆ ಒಂಬತ್ತಕ್ಕ ಹೊರಗ ತಗಿಯೂದು. ದನಾ ಕೊಟ್ಟಿಗ್ಯಾಗ ಕಟ್ಟಿ ಬಿಚ್ಚಿದಂಗ ದಿನಾ ಇದ ಕೆಲಸ. ಒಳಗಿಟ್ಟ ತಂಬಾಕು ಹೂ ಬಿಡ್ತು, ಹೊರಗ ಬಿಸಿಲಾಗಿದ್ದದ್ದು ಸುಮ್ಮನ ಬೆಳಕೋತ ಹೋತು. 1920ರಾಗ ಇದನ್ನ ಅಚ್ಚು ಹಾಕಿದ್ರು. ಹಗಲು ಗಿಡ್ಡಾದಾಗ ಹೂ ಬಿಡೂ ಗಿಡಾ, ಹಗಲು ಉದ್ದಾದಾಗ ಹೂ ಬಿಡೂ ಗಿಡಾ, ಎರಡಕ್ಕೂ ಕಾಯದ ಗಿಡಾ ಅಂತ ಮೂರು ಪಂಗಡ ಮಾಡಿದ್ರು. ಅವರು ಈ ಪ್ರಯೋಗ ಮಾಡಿದ ಅರ್ಲಿಂಗ್ಟನ್ ಹೊಲದ ಜಾಗಾದಾಗ ಈಗ ಅಮೆರಿಕಾದ ಮಿಲಿಟರಿ ಕಚೇರಿ ಪೆಂಟಗನ್ ಐತಂತ. ತಂಬಾಕು ಇದ್ದಲ್ಲಿ ತೋಪು! ಇರಲಿ.

ಸೇವಂತಿ ಗಿಡ್ಡ ಹಗಲಿನ ಪಂಗಡದ್ದು. ಇದು ಗೊತ್ತಾದ ಮ್ಯಾಲೆ ಹೂವಿನ ವ್ಯಾಪಾರಸ್ತರು ಸುಮ್ಮನ ಕುಂಡ್ರತಾರೇನು? 1930ರ ದಶಕದಾಗ ಕಾರ್ನೆಲ್ ವಿಶ್ವವಿದ್ಯಾಲಯದ ಕೆನೆತ್ ಪೋಸ್ಟ್ ಅಂಥವರು ಸೇವಂತಿ ಮ್ಯಾಲೆ ಕೆಲಸ ಮಾಡಿ, ಬ್ಯಾಸಗಿಯಾಗ ಸಂಜೀಮುಂದ ಕರೀ ಬಟ್ಟಿ ಎಳದು ಗಿಡಕ್ಕ ಸುಳ್ಳು ರಾತ್ರಿ ಮಾಡೂದನ್ನ, ಚಳಿಗಾಲದಾಗ ನಡುರಾತ್ರಿ ಬಲ್ಬ್ ಹಚ್ಚಿ ಸುಳ್ಳು ಹಗಲು ಮಾಡೂದನ್ನ ರೂಢಿಗೆ ತಂದ್ರು. ನಮ್ಮಲ್ಲೇ ನೋಡ್ರಿ, ರಾತ್ರಿ ಬಸ್ಸಿನ್ಯಾಗ ಚಿಕ್ಕಬಳ್ಳಾಪುರ, ಹೊಸೂರು ಕಡೆ ಹೊಂಟ್ರ ಹೊಲದ ತುಂಬ ಬಲ್ಬಿನ ಸರಾ ಕಾಣತಾವು, ಜಾತ್ರಿ ನಡದಂಗ. ನಾನು ಮದಲನೇ ಸಲ ಯಾರದೋ ಮದುವಿ ಅಂತ ತಿಳಕೊಂಡಿದ್ದೆ. ಅವು ಸೇವಂತಿ ತೋಟಾ. ಗಿಡಾ ಸಣ್ಣದಿದ್ದಾಗ ಹೂ ಬಿಟ್ಟು ಕೆಡಬಾರದು, ದಂಟು ಬೆಳದು ಟೊಂಗಿ ಒಡೀಬೇಕು ಅಂತ ರಾತ್ರಿ ಬೆಳಕು ಕೊಡತಾರ. ಬೇಕಾದಾಗ ಆರಸತಾರ, ಆಗ ಮೊಗ್ಗು ಸುರು. ಅವರು ರೊಕ್ಕಾ ಕೊಟ್ಟು ಮಾಡಿದ್ದನ್ನ ನಮ್ಮ ಬೀದಿ ಕಂಬ ಪುಕಟ ಮಾಡತಿತ್ತು, ಆರಸೂದೊಂದ ಇಲ್ಲ.

ಆದ್ರ ಒಂದು ಗಂಟು ಉಳದಿತ್ತು. ಗಿಡಾ ಎಣಸೂದು ಹಗಲನ್ನೋ ರಾತ್ರಿಯನ್ನೋ? ಹೊಲದ ಬದುವಿನಾಗ ಸೀರಿ ನೆರಗಿಗೆ ಅಂಟೂ ಮುಳ್ಳಕಾಯಿ ಗಿಡಾ ಗೊತ್ತಲ್ಲಾ, ಬಿಡಸಾಕ ಹೋದ್ರ ದಾರಾನ ಕಿತ್ತ ಬರತೈತಿ. ಆ ಜಾತಿ ಗಿಡಕ್ಕ ಒಂದ ಒಂದು ಉದ್ದನ್ನ ರಾತ್ರಿ ಸಿಕ್ರ ಸಾಕು, ಹೂ ಬಿಡತೈತಿ. 1938ರಾಗ ಶಿಕಾಗೋದಾಗ ಕಾರ್ಲ್ ಹ್ಯಾಮ್ನರ್, ಜೇಮ್ಸ್ ಬಾನರ್ ಅನ್ನೂವರು ಆ ರಾತ್ರಿ ನಡುವ ಒಂದ ನಿಮಿಷ ಬೆಳಕು ತೋರಸಿದ್ರು. ಹೂ ಬರಲಿಲ್ಲ. ಹಗಲಿನ ನಡುವ ಕತ್ತಲಿ ಮಾಡಿದ್ರು, ಅದಕ್ಕೇನೂ ಆಗಲಿಲ್ಲ. ಅಂದ್ರ ಎಣಿಕಿ ಇರೂದು ರಾತ್ರಿಯೊಳಗ, ಅದೂ ಮುರೀದ ರಾತ್ರಿಯೊಳಗ. ಕೂಸು ಮಲಗಿಸಿದಾಕಿಗೆ ಇದನ್ನ ಬಿಡಿಸಿ ಹೇಳೂದು ಬ್ಯಾಡ. ಎಂಟು ತಾಸು ಮಲಗಿದ ಕೂಸಿನ ನಿದ್ದಿ ಬ್ಯಾರೆ, ನಡುವ ಎಬ್ಬಿಸಿದ ಕೂಸಿನ ನಿದ್ದಿ ಬ್ಯಾರೆ.

ಇನ್ನ ಆ ಕೆಂಪು ಬೆಳಕಿನ ಸುದ್ದಿ. ಇದು ಬೆಲ್ಟ್ಸ್‌ವಿಲ್ ಅನ್ನೂ ಊರಿನ ಕೃಷಿ ಕೇಂದ್ರದ ಕತಿ, ಇದೂ ಮೇರಿಲ್ಯಾಂಡಿನಾಗನ. ಅಲ್ಲಿ ಹ್ಯಾರಿ ಬಾರ್ತ್‌ವಿಕ್ ಸಸ್ಯಶಾಸ್ತ್ರದವರು, ಸ್ಟರ್ಲಿಂಗ್ ಹೆಂಡ್ರಿಕ್ಸ್ ರಸಾಯನಶಾಸ್ತ್ರದವರು, ಪರ್ವತಾ ಹತ್ತೂ ಹುಚ್ಚು ಬ್ಯಾರೆ. ಕೂಡ ಮೇರಿಯನ್ ಪಾರ್ಕರ್. ಹೆಸರು ಕೇಳಿ ಹೆಂಗಸು ಅನ್ಕೊಂಡೆ, ಗಂಡಸು. ಥೇಟರಿನ್ಯಾಗ ಬಳಸೂ ಅಂಥಾ ಜೋರು ಕಾರ್ಬನ್ ಆರ್ಕ್ ದೀಪದ ಬೆಳಕನ್ನ ದೊಡ್ಡ ಗಾಜಿನ ಪಟ್ಟಕದಾಗ ಹಾಯಿಸಿ, ಕತ್ತಲ ಖೋಲ್ಯಾಗ ಕಾಮನಬಿಲ್ಲು ಅಗಲಕ ಹರವಿದ್ರು. ಸೋಯಾ ಗಿಡದ ಎಲ್ಲಾ ಎಲಿ ತಗದು ಒಂದ ಎಲಿ ಉಳಿಸಿ, ಒಂದೊಂದು ಗಿಡದ ಎಲೀನ ಒಂದೊಂದು ಬಣ್ಣದಾಗ ನಡುರಾತ್ರಿ ಹಿಡದ್ರು. ಯಾವ ಬಣ್ಣಾ ರಾತ್ರಿ ಮುರೀತೈತಿ ನೋಡೂದಕ್ಕ. ಎಲ್ಲಾದಕಿಂತ ಕೆಂಪು ಜೋರು ಅಂತ ಸಿಕ್ಕತು.

ಅದಕ್ಕೂ ಮೊದಲ, 1930ರ ದಶಕದಾಗ ಫ್ಲಿಂಟ್ ಮತ್ತ ಮಕಾಲಿಸ್ಟರ್ ಅನ್ನೂವರು ಲೆಟ್ಯೂಸ್ ಬೀಜದ ಮ್ಯಾಲೆ ಒಂದು ವಿಚಿತ್ರ ನೋಡಿದ್ರು. ಲೆಟ್ಯೂಸ್ ಅಂದ್ರ ಹೊಟೇಲಿನ್ಯಾಗ ಬರ್ಗರಿನೊಳಗ ಇಡತಾರಲ್ಲಾ, ಆ ಎಲಿ. ಅದರ ಬೀಜಕ್ಕ ಕೆಂಪು ಬೆಳಕು ತೋರಿಸಿದ್ರ ಮೊಳಕಿ ಬರತೈತಿ. ಆದ್ರ ಕಾಮನಬಿಲ್ಲಿನ ಕೆಂಪು ಮುಗದು ಇನ್ನೇನು ಕಣ್ಣಿಗೆ ಕಾಣೂದು ನಿಲ್ಲತೈತಿ ಅನ್ನೂ ಜಾಗಾದ ಬೆಳಕು ಬಿದ್ರ ಮೊಳಕಿ ನಿಂತ ಬಿಡತೈತಿ. ಅದಕ್ಕ ಫಾರ್ ರೆಡ್ ಅಂತಾರ. ನಾನು ಆಚೀ ಕೆಂಪು ಅಂತೀನಿ, ಕೆಂಪಿನ ಆಚೀ ಓಣಿಯಾಗ ಇರೂದು. ಲೆಕ್ಕದಾಗ ಹೇಳೂದಾದ್ರ ಕೆಂಪು 660 ನ್ಯಾನೋಮೀಟರ್, ಆಚೀ ಕೆಂಪು 730ರ ಆಸುಪಾಸು.

ಬೆಲ್ಟ್ಸ್‌ವಿಲ್‌ನಾಗ ಬೀಜದ ಖೋಲಿ ನೋಡಿಕೊಳ್ಳತಿದ್ದವರು ಗಂಡ ಹೆಂಡತಿ, ಈಬನ್ ಟೂಲ್, ವಿವಿಯನ್ ಟೂಲ್. 1952ರಾಗ ಬಾರ್ತ್‌ವಿಕ್, ಹೆಂಡ್ರಿಕ್ಸ್, ಪಾರ್ಕರ್ ಮತ್ತ ಈ ಜೋಡಿ ಕೂಡಿ ಒಂದು ಪ್ರಯೋಗ ಅಚ್ಚು ಹಾಕಿದ್ರು. ನಾನು ಓದಿದ್ದರಾಗೆಲ್ಲಾ ನನಗ ಬಾಳ ಹಿಡಿಸಿದ್ದು ಇದು. ನೆನಸಿದ ಲೆಟ್ಯೂಸ್ ಬೀಜಕ್ಕ ಒಂದು ನಿಮಿಷ ಕೆಂಪು ತೋರಸಿ ಕತ್ತಲದಾಗಿಟ್ರ ನೂರಕ್ಕ 70 ಮೊಳೀತು. ಕೆಂಪು ತೋರಸಿ ಹಿಂದಿಂದ ನಾಕು ನಿಮಿಷ ಆಚೀ ಕೆಂಪು ತೋರಿಸಿದ್ರ ನೂರಕ್ಕ 6 ಅಷ್ಟ. ಮತ್ತ ಕೆಂಪು ತೋರಿಸಿದ್ರ 74. ಮತ್ತ ಆಚೀ ಕೆಂಪು, ಮತ್ತ 6. ಮತ್ತ ಕೆಂಪು, 76. ಮತ್ತ ಆಚಿ, 7. ಎಷ್ಟು ಸಲ ಅತ್ತಿತ್ತ ಮಾಡಿದ್ರೂ ಕಡೀಕ ತೋರಿಸಿದ್ದು ಯಾವ ಬಣ್ಣಾನೋ ಬೀಜಾ ಅದರ ಮಾತು ಕೇಳತಿತ್ತು. ನಮ್ಮ ಮನ್ಯಾಗೂ ಹಂಗ. ಹುಡುಗರು ಕಡೀಕ ಮಾತಾಡಿದವರ ಮಾತ ಕೇಳತಾರ, ಮೊದಲ ಹೇಳಿದಾಕಿ ಅವ್ವ ಮರತ ಹೋಗತಾಳ.

ಕೆಂಪು ಹಗಲು ಅಂತ ಹೇಳತೈತಿ, ಆಚೀ ಕೆಂಪು ಅದನ್ನ ಅಳಿಸತೈತಿ. ಮುಳ್ಳಕಾಯಿ ಗಿಡದಾಗೂ ಹಂಗ ಸಿಕ್ಕತು. ನಡುರಾತ್ರಿ ಕೆಂಪು ತೋರಸಿ ರಾತ್ರಿ ಮುರದು, ಬೆನ್ನಿಗೇ ಆಚೀ ಕೆಂಪು ತೋರಿಸಿದ್ರ ಮುರದ ರಾತ್ರಿ ಕೂಡಿಕೊಂಡಂಗ, ಹೂ ಬಂತು. 1957ರಾಗ ಬಾರ್ತ್‌ವಿಕ್ ಮತ್ತ ಕ್ಯಾಥೀ ಅನ್ನೂವರು ಸೇವಂತ್ಯಾಗೂ ಇದನ್ನ ತೋರಿಸಿದ್ರು. ನಮ್ಮ ಹುಡುಗ ಹಿಡಕೊಂಡಿದ್ದು ಇದನ್ನ. ದೀಪಾ ಹಚ್ಚಿದ್ರ ಕತ್ತಲಾಗೂದು ಅಂದ್ರ ಹಿಂಗ.

ಇಷ್ಟೆಲ್ಲಾ ಆದ್ರೂ ಆ ಕೆಲಸಾ ಮಾಡೂ ವಸ್ತು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗಿಡದೊಳಗ ಒಂದು ಬಣ್ಣದ ವಸ್ತು ಐತಿ, ಎರಡು ರೂಪ ಐತಿ, ಕೆಂಪು ಬಿದ್ರ ಒಂದಾಗತೈತಿ ಆಚೀ ಕೆಂಪು ಬಿದ್ರ ಇನ್ನೊಂದಾಗತೈತಿ ಅಂತ ಲೆಕ್ಕದಿಂದ ಹೇಳಿದ್ರು. ಬ್ಯಾರೆ ಕಡೆ ವಿಜ್ಞಾನಿಗಳು, ಆ ಬಣ್ಣಾ ನಿಮ್ಮ ತಲ್ಯಾಗಷ್ಟ ಐತಿ ಅಂತ ನಗತಿದ್ರಂತ. 1959ರಾಗ ವಾರೆನ್ ಬಟ್ಲರ್, ಕಾರ್ಲ್ ನಾರಿಸ್, ಸೀಗಲ್‌ಮನ್, ಹೆಂಡ್ರಿಕ್ಸ್ ಕೂಡಿ ಕತ್ತಲದಾಗ ಬೆಳಸಿದ ಗೊಂಜಾಳ ಸಸಿಯೊಳಗ ಅದನ್ನ ಅಳದು ತೋರಿಸಿದ್ರು. ಅದಕ್ಕ ಫೈಟೋಕ್ರೋಮ್ ಅಂತ ಹೆಸರು. ಕತ್ತಲದಾಗಿನ ಸಸಿ ಯಾಕಂದ್ರ ಹಸರೆಲಿ ಬಣ್ಣದ ಗದ್ದಲದಾಗ ಈ ವಸ್ತು ಕಾಣೂದಿಲ್ಲ, ಅಷ್ಟು ಕಡಿಮಿ ಇರತೈತಿ. ಬ್ಯಾಳಿ ಡಬ್ಬಿ ಕೆಳಗ ಇಟ್ಟ ಹುಡುಗಿ ಹೆಂಗ ಬೆಳ್ಳಗ ಬರತೈತಿ ನೋಡೀರಲ್ಲಾ, ಹುಡುಗಿ ಅಂದ್ರ ನವರಾತ್ರಿಯಾಗ ಘಟ್ಟಕ್ಕ ಹಾಕಿದ ಗೋದಿ ಸಸಿ ಅಂತೀನಿ ನಾನು, ನಮ್ಮ ಮಕ್ಕಳಲ್ಲ. ಆ ಬೆಳ್ಳನ್ನ ಸಸಿಯಂಥಾದ್ದರಾಗ ಸಿಕ್ಕತು ಅದು. ತಿಳಿ ನೀಲಿ ಬಣ್ಣದ್ದಂತ.

ಗಿಡಕ್ಕ ಯಾಕ ಬೇಕಾಗಿತ್ತು ಈ ಉಪದ್ವ್ಯಾಪ ಅಂದ್ರ, ಹಸರೆಲಿ ಕೆಂಪು ಬೆಳಕನ್ನ ತಿಂದು ಆಚೀ ಕೆಂಪನ್ನ ಹಾಯಿಸಿ ಬಿಡತೈತಿ. ಬಯಲಿನ ಬಿಸಿಲಾಗ ಎರಡೂ ಹೆಚ್ಚುಕಡಿಮಿ ಸಮಾ. ದಟ್ಟ ಮಾವಿನ ಗಿಡದ ಕೆಳಗ ಕೆಂಪು, ಆಚೀ ಕೆಂಪಿನ ಹತ್ತರಾಗ ಒಂದು ಪಾಲಿಗೂ ಇಳೀತೈತಿ. ಹಂಗಾಗಿ ಆಚೀ ಕೆಂಪು ಜಾಸ್ತಿ ಬಿತ್ತಂದ್ರ ಸಣ್ಣ ಸಸಿಗೆ, ತಲಿ ಮ್ಯಾಲೆ ಯಾರೋ ನಿಂತಾರ ಅಂತ ತಿಳೀತೈತಿ. ಬೀಜಾ ಇದ್ರ ಈಗ ಎದ್ದು ಉಪಯೋಗಿಲ್ಲಂತ ಮಲಗತೈತಿ, ಸಸಿ ಇದ್ರ ಎದ್ದು ಎತ್ತರಕ್ಕ ಓಡತೈತಿ. ಇಂಗ್ಲಂಡಿನ ಲೆಸ್ಟರ್‌ದಾಗ ಹ್ಯಾರಿ ಸ್ಮಿತ್ ಅನ್ನೂವರು ಇದನ್ನ ಬಾಳ ವರ್ಷ ಅಳದ್ರು. ಈ ಕತ್ಯಾಗ ಎಷ್ಟು ಮಂದಿ ಹ್ಯಾರಿ ನೋಡ್ರಿ! ಇನ್ನ ಅನ್ನಾ ಬೇಯಿಸೂದರಾಗೂ ಆಚೀ ಕೆಂಪಿನ ಪಾಲೈತಿ. ಅದೊಂದ ಬಿದ್ರ ಗಿಡಾ ಅಡಿಗಿ ಮಾಡೂದು ಬಾಳ ಕಡಿಮಿ. ಬ್ಯಾರೆ ಬಣ್ಣದ ಕೂಡ ಬಿದ್ರ ಎರಡೂ ಬಿಡಿಬಿಡಿಯಾಗಿ ಮಾಡೂದಕ್ಕಿಂತ ಜಾಸ್ತಿ ಆಗತೈತಿ. ಅಮೆರಿಕಾದ ರಾಬರ್ಟ್ ಎಮರ್ಸನ್ 1957ರಾಗ ಇದನ್ನ ಹೇಳಿದ್ರು. ಪಾಪ, ಎರಡು ವರ್ಷಕ್ಕ ವಿಮಾನ ಬಿದ್ದು ಹೋದ್ರು.

ಆ ಕಾಲದಾಗ ಆಚೀ ಕೆಂಪು ಮಾಡಾಕ ಕೆಂಪು ಮತ್ತ ಕಡು ನೀಲಿ ಜಿಲೇಟಿನ್ ಹಾಳಿ, ಅದ ಮಿಠಾಯಿ ಸುತ್ತತಾರಲ್ಲಾ ಆ ಸೆಲ್ಲೋಫೇನ್, ಒಂದರ ಮ್ಯಾಲೊಂದು ಹಾಕಿ ಹಳೇ ಬಲ್ಬಿನ ಮುಂದ ಹಿಡೀತಿದ್ರು. ಹಳೇ ಬಲ್ಬಿನಾಗ ಆಚೀ ಕೆಂಪು ಬಾಳ ಇರತಿತ್ತು. ಈಗಿನ ಬೆಳ್ಳನ್ನ ಎಲ್‌ಇಡಿಯಾಗ ಅದು ಇಲ್ಲದಂಗ. ಇನ್ನ ಎಲ್‌ಇಡಿ ಅಂದ್ರ, ಕಣ್ಣಿಗೆ ಕಾಣೂ ಕೆಂಪು ಎಲ್‌ಇಡಿ ಮಾಡಿದ್ದು ಜನರಲ್ ಇಲೆಕ್ಟ್ರಿಕ್ ಕಂಪನಿಯಾಗಿದ್ದ ನಿಕ್ ಹೊಲೊನ್ಯಾಕ್, 1962ರಾಗ. ಅದು ಗಡಿಯಾರ, ರೇಡಿಯೋದ ಕಣ್ಣಿಗಷ್ಟ ಸಾಕಾಗತಿತ್ತು. ಅದರಾಗ ಗಿಡಾ ಬೆಳಸೂದು ಸುರುವಾಗಿದ್ದು 1980ರ ದಶಕದ ಕಡೀಕ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಾಗ, ಆಕಾಶಕ್ಕ ಹೋಗೂವರಿಗೆ ಅಲ್ಲೇ ತರಕಾರಿ ಬೆಳಕೊಡೂ ಆಸೆಕ್ಕ. ಅವರು ಬೆಳಸಿದ್ದೂ ಅದ ಲೆಟ್ಯೂಸ್. ಈಗ 730ರ ಎಲ್‌ಇಡಿ ಒಂದೊಂದು ಬಿಡಿ ಕಾಳಿನಂಗ ಮಾರಾಟಕ್ಕ ಸಿಗತಾವು.

ನಮ್ಮ ದೀಪಾ ಮಾಡಿದ್ದು ಹೆಂಗಂದ್ರ, ಮೂರು ವ್ಯಾಟಿನ 730ರ ಎಲ್‌ಇಡಿ ನಾಕು ತರಿಸಿದ. ಇವು ಸಣ್ಣವಿದ್ರೂ ಕಾಯತಾವು, ಕಾಯ್ದದ್ದು ಹೊರಗ ಹೋಗಲಿಲ್ಲಂದ್ರ ಸಾಯತಾವು. ಅದಕ್ಕ ಅಲ್ಯುಮಿನಿಯಂ ತಗಡು ಬೇಕು ಅಂದ. ನನ್ನ ಹಂತ್ಯಾಕ ತಳಾ ಸೋರೂ ಇಡ್ಲಿ ಪಾತ್ರಿ ಇತ್ತು, ಅದರ ಮುಚ್ಚಳಾ ಕೊಟ್ಟೆ. ಮುಚ್ಚಳಕ್ಕ ತೂತು ಹೊಡದು, ಎಲ್‌ಇಡಿ ಬೆನ್ನಿಗೆ ಬೆಳ್ಳನ್ನ ಪೇಸ್ಟ್ ಹಚ್ಚಿ, ಸ್ಕ್ರೂ ಕೂಡಿಸಿ ನಾಕನ್ನೂ ಸಾಲಾಗಿ ಬೆಸಗಿ ಹಾಕಿದ. ಒಂದೊಂದಕ್ಕ ಎರಡು ವೋಲ್ಟಿನ ಮ್ಯಾಲೆ ಸ್ವಲ್ಪ ಬೇಕು, ನಾಕಕ್ಕ ಒಂಬತ್ತರ ಸುಮಾರು. ಹನ್ನೆರಡು ವೋಲ್ಟಿನ ಅಡಾಪ್ಟರ್ ಹಳೇ ಮೋಡೆಮ್ಮಿನದು ಇತ್ತು. ಆದ್ರ ಅದನ್ನ ನೆಟ್ಟಗ ಕೊಡಬಾರದಂತ, ನಡುವ ಕರೆಂಟ್ ಒಂದ ಸಮಾ ಹಿಡಿಯೂ ಡ್ರೈವರ್ ಅನ್ನೂದು ಹಾಕಬೇಕು. ಇಲ್ಲಂದ್ರ ಕಾಯಕೋತ ಕಾಯಕೋತ ಇನ್ನೂ ಕರೆಂಟ್ ಎಳಕೊಂಡು ಸುಟ್ಟ ಹೋಗತಾವು. ಇದು ನಮಗ ಹೆಂಗ ಗೊತ್ತಾತು ಅಂತ ಕೇಳಬ್ಯಾಡ್ರಿ. ಐದು ಎಲ್‌ಇಡಿ ತರಿಸಿದ್ವಿ ಅನ್ನೂದನ್ನ ಮ್ಯಾಲೆ ಬರೀಲಿಲ್ಲ ನಾನು. ಅಡಾಪ್ಟರ್ ಒಳಗ, ಮಳಿ ನೀರು ತಾಕದಲ್ಲಿ. ಹುಡುಗರಿಗೆ ಇದನ್ನ ನೆಟ್ಟ ನೋಡಾಕ ಬಿಡಬ್ಯಾಡ್ರಿ. ಕಣ್ಣಿಗೆ ಮಂದ ಕೆಂಡದಂಗ ಕಾಣತೈತಿ, ಬೆಳಕು ಮಾತ್ರ ಜೋರಿರತೈತಿ. ಕಣ್ಣಿಗೆ ಕಾಣೂದ ಕಡಿಮಿ, ಹಂಗಾಗಿ ಕಣ್ಣು ತಾನ ಮುಚ್ಚೂದಿಲ್ಲ.

ದಿನಾ ಸಂಜೀ ಹೊತ್ತು ಮುಳಗಿದ ಮ್ಯಾಲೆ ಹತ್ತು ನಿಮಿಷ ಹಚ್ಚಿದ್ವಿ. ಹದಿನೈದು ದಿನಾ ಆತು, ಏನಿಲ್ಲ. ನಾನು ನನ್ನ ಶ್ಯಾಣ್ಯಾತನಾ ತೋರಿಸಿ, ಹತ್ತು ನಿಮಿಷಕ್ಕ ಆಗದಿದ್ರ ರಾತ್ರಿ ಪೂರ್ತಿ ಹಚ್ಚೂಣು ಅಂದೆ. ಕೆಳಗಿನ ವೈನಿಯವರು ನೋಡಿದ್ದು ಆವಾಗನ. ಗಿಡಾ ಮೊಗ್ಗು ಕಟ್ಟೂದು ಬಿಟ್ಟು ಸ್ಯಾವಿಗಿ ಎಳದಂಗ ಉದ್ದುದ್ದ ಆಗಾಕ ಹತ್ತಿತು. ಅತ್ತಿಯವರು ದೀಪಾ ನೋಡಿ, "ಅದರ ಕಣ್ಣಿಗೆ ಬೆಳಕ ಹಿಡದು ಮಲಗು ಅಂತೀಯಲ್ಲವ್ವಾ" ಅಂದ್ರು. ಅವರಂದ ಮಾತಿಗೆ ನಾವು ಓದಿದ್ದು ಪೂರಾ ಸುಳ್ಳಾತು ಅಂತ ಆವತ್ತು ಸಿಟ್ಟೂ ಬಂತು, ಅಳೂನೂ ಬಂತು.

ನೋಟಬುಕ್ಕ ಮತ್ತ ತಗದು ಓದಿದೆ. ಉತ್ತರ ಅದರಾಗನ ಇತ್ತು. ಕಡೀಕ ಬಿದ್ದ ಬೆಳಕಿನ ಮಾತನ್ನ ಬೀಜಾ ಕೇಳತೈತಿ ಅಂತ ನಾನ ಬರಕೊಂಡಿದ್ದೆ. ನಾವು ಹತ್ತು ನಿಮಿಷ ಆಚೀ ಕೆಂಪಿನಿಂದ ಅಳಸಿದ್ದನ್ನ ಬೀದಿ ಕಂಬ ಹನ್ನೊಂದು ತಾಸು ಕುಂತು ಮತ್ತ ಬರೀತಿತ್ತು. ಬೆಲ್ಟ್ಸ್‌ವಿಲ್ ಮಂದಿ ಆಚೀ ಕೆಂಪು ತೋರಿಸಿದ ಮ್ಯಾಲೆ ಕತ್ತಲದಾಗ ಇಡತಿದ್ರು, ನಾವು ಆ ಅರ್ಧಾ ಸಾಲು ಬಿಟ್ಟಿದ್ವಿ. ರಾತ್ರಿ ಪೂರ್ತಿ ಹಚ್ಚೂದಂತೂ ಕತ್ತಲಿ ಅನಿಸಿಕೊಳ್ಳೂದಿಲ್ಲ, ಆಚೀ ಕೆಂಪೂ ಬೆಳಕ. ಕೆಲವು ನಿಮಿಷಕ್ಕ ಅದು ಅಳಸೂ ರಬ್ಬರು, ತಾಸುಗಟ್ಟಲೆ ಆದ್ರ ಅದೂ ಹೂವಿಗೆ ಅಡ್ಡಾ.

ಹಂಗಂದ್ರ ಕತ್ತಲಿ ಬೇಕು. ಗ್ಯಾಲರ್ಯಾಗ ಕತ್ತಲ ಗುಡಿಸಲಾ ಎಲ್ಲಿ ಕಟ್ಟೂದು? ಬೆಡ್‌ಶೀಟ್ ಹೊಚ್ಚಿ ಒಳಗ ತಲಿ ಹಾಕಿ ನೋಡಿದೆ, ಬೆಳಕು ಜರಡಿ ಹಿಡದಂಗ ಬರತಿತ್ತು. ಎರಡು ದಿನಾ ಹಿಂಗ ಒದ್ದಾಡೂದು ನೋಡಿ ಅತ್ತಿಯವರು ಟ್ರಂಕಿನಾಗಿಂದ ಕಂಬಳಿ ತಗದು ನನ್ನ ಕೈಯಾಗ ಇಟ್ರು. ಕುರುಬರ ನೇಯ್ಗಿ, ಕರೀದು, ನಮ್ಮ ಮಾವನವರು ಹೊಲಕ್ಕ ಹೊತಕೊಂಡು ಹೋಗತಿದ್ದದ್ದು. ಅದನ್ನ ಬ್ಯಾಡ್ರೀ ಅಂದೆ. "ಹೊಚ್ಚಿಕೊಳ್ಳಾಕ ಅವರೇನು ಬರತಾರ ಈಗ" ಅಂದ್ರು.

ಹಳೇ ಟೀಪಾಯಿ ತಲಿಕೆಳಗ ಮಾಡಿ, ನಾಕು ಕಾಲಿನ ನಡುವ ಕುಂಡಿ ಇಟ್ಟು, ಮ್ಯಾಲೆ ಕಂಬಳಿ. ಸಂಜೀ ಆರೂವರಿಗೆ ಹೊಚ್ಚೂದು, ಮುಂಜಾನೆ ಏಳೂವರಿಗೆ ತಗಿಯೂದು. ಹದಿಮೂರು ತಾಸು. ನಮ್ಮ ಹುಡುಗ ಪರೀಕ್ಷಾ ಮಾಡೇ ಬಿಡೂಣು ಅಂತ ಎರಡು ಕುಂಡಿ ಬ್ಯಾರೆ ಮಾಡಿದ. ಒಂದಕ್ಕ ಹತ್ತು ನಿಮಿಷ ಆಚೀ ಕೆಂಪು ತೋರಿಸಿ ಹೊಚ್ಚೂದು, ಇನ್ನೊಂದಕ್ಕ ಸುಮ್ಮನ ಹೊಚ್ಚೂದು. ಮೂರನೇದು ಹೊರಗನ, ಕಂಬದ ಬೆಳಕಿನಾಗ. ನಾಕನೇ ಸಸಿ ಹಿಂದಿನ ವರ್ಷನ ಹೋಗಿತ್ತು. ಒಂದು ರಾತ್ರಿ ನನಗ ತಡೀದ ಮೊಬೈಲ್ ಬ್ಯಾಟರಿ ಹಚ್ಚಿ ಕಂಬಳಿ ಎತ್ತಿ ನೋಡಿದೆ. ಹಿಂದಿಂದ ಅತ್ತಿಯವರ ದನಿ ಬಂತು. "ಹಡಿಯಾಕಿ ಖೋಲಿ ಬಾಗಲಾ ಹಂಗ ತಗೀತಾರೇನ?"

ನಾಕು ವಾರಕ್ಕ, ಮಹಾನವಮಿ ಆಸುಪಾಸು, ಕಂಬಳಿ ಒಳಗಿನ ಎರಡೂ ಕುಂಡ್ಯಾಗ ಮೆಣಸಿನ ಕಾಳಿನಷ್ಟು ಮೊಗ್ಗು ಬಂದ್ವು. ಎರಡಕ್ಕೂ ಒಂದ ವಾರದಾಗ. ಅಂದ್ರ ನಮ್ಮ ದೀಪದ್ದೇನೂ ನಡೀಲಿಲ್ಲ, ಪೂರಾ ಕತ್ತಲಿ ಸಿಕ್ಕ ಮ್ಯಾಲೆ ಅದಕ್ಕ ಅಳಸೂ ರಬ್ಬರು ಬೇಕಾಗಲಿಲ್ಲ. ಹುಡುಗನ ಮಾರಿ ಸಣ್ಣದಾತು. ಅದಕ್ಕ ನಾನು ಆ ದೀಪಾನ ಕಿಡಕಿ ಹಂತ್ಯಾಕ ಟೊಮೆಟೋ ಸಸಿ ಟ್ರೇದ ಒಂದು ಬಾಜೂಕ ಹಚ್ಚಿಟ್ಟೆ. ಹತ್ತು ದಿನಕ್ಕ ಆ ಬಾಜೂದ ಸಸಿ ದಂಟು ಉದ್ದಾಗಿ, ಈ ಬಾಜೂದವು ಗಿಡ್ಡಕ ಗಟ್ಟಿ ನಿಂತಿದ್ವು. ಸುಳ್ಳು ನೆರಳು ಅಂದ್ರೇನು ಅಂತ ಓಣಿ ಹುಡುಗರಿಗೆಲ್ಲಾ ಕರದು ಕರದು ತೋರಿಸಿದ ಅವ.

ಅತ್ತಿಯವರು ಮೊಗ್ಗು ಬಂದ ದಿನಾ ಏನೂ ಮಾತಾಡಲಿಲ್ಲ. ಸಂಜೀಮುಂದ ಕಂಬಳಿ ತಾವ ಹೊಚ್ಚಿದ್ರು. ಆಮ್ಯಾಲೆ ಅಡಿಗಿ ಮನಿ ಹೊಸ್ತಲದಾಗ ಕುಂತು ಹೇಳಿದ್ರು. ಊರ ಮನ್ಯಾಗ ಸೇವಂತಿ ಇದ್ದದ್ದು ಕೊಟ್ಟಿಗಿ ಹಿಂದಿನ ಗ್ವಾಡಿಗೆ, ಬಚ್ಚಲ ನೀರು ಹರೀತಿದ್ದಲ್ಲಿ. ಅಲ್ಲಿ ರಾತ್ರಿ ಚಿಮಣಿ ಹಿಡಕೊಂಡು ಹೋಗಾಕೂ ಅಂಜತಿದ್ರಂತ, ಅಷ್ಟು ಕಗ್ಗತ್ತಲು. "ನಾ ಆ ಜಾಗಾನ ಬೈಕೋತನ ಬಂದಿದ್ದೆ" ಅಂದ್ರು. ಮನಿ ಮಾರಿದ ಸುದ್ದಿ ಆವತ್ತು ತಗೀಲಿಲ್ಲ, ಆಮ್ಯಾಲೂ ತಗದಿಲ್ಲ.

ದೀಪಾವಳಿ ಹೊತ್ತಿಗೆ ನಾಕೈದು ಅರಳಿದ್ವು, ಪಾಡ್ಯಾ ದಾಟಿದ ಮ್ಯಾಲೆ ಪೂರ್ತಿ ಗಿಡಾ ಹಳದಿ ಆತು. ಹೊರಗಿಟ್ಟ ಮೂರನೇದು ಇನ್ನೂ ಎಲೀನ ಬಿಡತಿತ್ತು. ಮೊದಲನೇ ಹೂ ಅತ್ತಿಯವರು ದೇವರಿಗಿಡಲಿಲ್ಲ, ಮಾವನವರ ಫೋಟೋಕ್ಕ ಇಟ್ರು. ಎರಡನೇದು ಕೆಳಗಿನ ವೈನಿಯವರಿಗೆ ಕಳಿಸಿದ್ವಿ.

ಈ ವರ್ಷ ಪಿಳ್ಳಿ ಹದಿನಾಕು ಒಡದಾವು. ಬೇಕಾದವರು ಬಂದು ಒಯ್ರಿ, ಆದ್ರ ನಿಮ್ಮ ಮನಿ ಮುಂದೂ ಕಂಬ ಇದ್ರ ಕಂಬಳಿ ನೀವ ನೋಡಕೋರಿ, ನಮ್ಮದನ್ನ ಅತ್ತಿಯವರು ಯಾರಿಗೂ ಕೊಡೂದಿಲ್ಲ. ಇಡ್ಲಿ ಮುಚ್ಚಳದ ದೀಪಾ ಬೇಕಾದ್ರ ಒಯ್ರಿ.